ಮಂಗಳೂರಲ್ಲಿ ಎರಡು ದಿನ: ಹಳೇ ಬಂದರಿನಿಂದ ಶುರು ಮಾಡಿ

ಬೆಂಗಳೂರು, ಮೈಸೂರು ಕಡೆಯ ಎಷ್ಟೋ ಜನಕ್ಕೆ ಮಂಗಳೂರು ಅಂದರೆ ದಾಟಿ ಹೋಗುವ ಊರು. ಧರ್ಮಸ್ಥಳ, ಕುಕ್ಕೆ, ಉಡುಪಿ, ಕೊಲ್ಲೂರು ಅಂತ ಹೊರಡುತ್ತಾರೆ. ನಡುವೆ ಒಂದು ಗಂಟೆ ಪಣಂಬೂರು ಬೀಚಿನಲ್ಲಿ ಕಾಲು ನೆನೆಸಿ, ಒಂದು ಐಸ್‌ಕ್ರೀಂ ತಿಂದು ಮುಂದಕ್ಕೆ ಹೋಗಿಬಿಡುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಆಮೇಲೆ ಕೆಲಸಕ್ಕೆ ಅಂತ ಎರಡು ವರ್ಷ ಅಲ್ಲೇ ಇರಬೇಕಾಯಿತು. ಆಗ ಗೊತ್ತಾಯಿತು, ಇದು ಎರಡು ದಿನ ಕಾಲ್ನಡಿಗೆಯಲ್ಲಿ ನೋಡಬೇಕಾದ ಊರು ಅಂತ.

ಆದರೆ ಎಲ್ಲಿಂದ ಶುರು ಮಾಡುತ್ತೀರಿ ಅನ್ನೋದು ಮುಖ್ಯ. ಬೀಚಿನಿಂದ ಶುರು ಮಾಡಿದರೆ ಮಂಗಳೂರು ಸುಮ್ನೆ ಒಂದು ಸಮುದ್ರದಂಡೆಯ ಊರು. ಹಳೇ ಬಂದರಿನಿಂದ ಶುರು ಮಾಡಿದರೆ ಬೇರೆಯೇ ಊರು. ಮೆಣಸು, ಹೆಂಚು, ಕಾಫಿ, ಗೋಡಂಬಿ, ಮೀನು, ಇವೆಲ್ಲ ಸಾಗಿದ್ದು ಆ ನೀರಿನ ಮೇಲೆ. ಅಚ್ಚಿನ ಯಂತ್ರ, ಚರ್ಚು, ಮಸೀದಿ, ಇವನ್ನು ಕಟ್ಟಿದವರಲ್ಲಿ ತುಂಬಾ ಜನ ಬಂದದ್ದೂ ಆ ನೀರಿನ ಮೇಲೆಯೇ. ಈ ಒಂದು ಎಳೆ ಹಿಡಿದುಕೊಂಡರೆ ಎರಡು ದಿನದಲ್ಲಿ ಊರು ಅರ್ಥವಾಗುತ್ತದೆ. ನಮ್ಮ ಮನೆಗೆ ಬಂದ ನೆಂಟರನ್ನು ನಾನು ಎಷ್ಟೋ ಸಲ ಹೀಗೇ ಕರೆದುಕೊಂಡು ಹೋಗಿದ್ದೇನೆ. ಅದೇ ಕ್ರಮದಲ್ಲಿ ಬರೆಯುತ್ತಿದ್ದೇನೆ.

ಹೆಜ್ಜೆ 1: ತಿಂಗಳು ಗೊತ್ತು ಮಾಡಿಕೊಳ್ಳಿ

ನವೆಂಬರ್‌ನಿಂದ ಫೆಬ್ರವರಿ ಎಲ್ಲಕ್ಕಿಂತ ಒಳ್ಳೆಯದು. ಬೆಳಿಗ್ಗೆ ನಡೆಯಬಹುದು, ಸಂಜೆ ಗಾಳಿ ಇರುತ್ತದೆ, ಯಕ್ಷಗಾನ, ಕೋಲ, ಕಂಬಳ ಎಲ್ಲಾ ಈ ಕಾಲದಲ್ಲೇ ನಡೆಯುತ್ತವೆ. ಮಾರ್ಚ್ ಮಧ್ಯದಿಂದ ಮೇ ತನಕ ಸೆಕೆ ಜಾಸ್ತಿ. ಬಯಲುಸೀಮೆಯ ಒಣ ಬಿಸಿಲಿಗೂ ಇದಕ್ಕೂ ಹೋಲಿಕೆ ಇಲ್ಲ. ಇಲ್ಲಿ ನೆರಳಲ್ಲಿ ಕೂತರೂ ಅಂಗಿ ಒದ್ದೆಯಾಗುತ್ತದೆ.

ಮಳೆಗಾಲದ ಬಗ್ಗೆ ಎರಡು ಮಾತು. ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಸುರಿಯುವ ಊರು ಇದು. ಮಳೆ ನೋಡೋಕೆ ಅಂತಲೇ ಬರುವುದಾದರೆ ಜುಲೈಯಲ್ಲಿ ಬನ್ನಿ, ಹೆಂಚಿನ ಮಾಡಿನ ಮೇಲೆ ಬೀಳುವ ಮಳೆಯ ಸದ್ದು ಕೇಳಿ, ತುಳುವರ ಆಟಿ ತಿಂಗಳಲ್ಲಿ ಮಾಡುವ ಕೆಸುವಿನೆಲೆಯ ಪತ್ರೊಡೆ ತಿನ್ನಿ. ಆದರೆ ಆಗ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ದಾರಿ ಮುಚ್ಚುವುದುಂಟು, ಸಮುದ್ರಕ್ಕೆ ಇಳಿಯುವ ಹಾಗಿಲ್ಲ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವೂ ಇರುತ್ತದೆ. ಹಾಗಾಗಿ ದಕ್ಕೆಯಲ್ಲಿ ಬೋಟುಗಳು ಸಾಲಾಗಿ ಕಟ್ಟಿಹಾಕಿರುತ್ತವೆ, ತಾಜಾ ಮೀನು ಕಮ್ಮಿ. ಮೀನಿಗಾಗಿ ಬರುವವರು ಆ ಎರಡು ತಿಂಗಳು ಬಿಟ್ಟುಬಿಡಿ.

ನವರಾತ್ರಿಗೆ ಬಂದರೆ ಕುದ್ರೋಳಿಯ ದಸರಾ ಮತ್ತು ಬೀದಿ ಬೀದಿಯಲ್ಲಿ ಹುಲಿವೇಷ ಸಿಗುತ್ತದೆ. ರಥಸಪ್ತಮಿಗೆ ಬಂದರೆ ರಥಬೀದಿಯ ಕೊಡಿಯಾಲ್ ತೇರು. ಈ ಎರಡಕ್ಕೂ ರೂಮು ಬಹಳ ಮೊದಲೇ ಹೇಳಿಡಬೇಕು.

ಹೆಜ್ಜೆ 2: ಹೋಗುವ ದಾರಿ

ಬೆಂಗಳೂರಿನಿಂದ ಸುಮಾರು 350 ಕಿಲೋಮೀಟರ್. ಶುಕ್ರವಾರ ರಾತ್ರಿ ಬಸ್ಸು ಹತ್ತಿದರೆ ಶನಿವಾರ ಬೆಳಗಾಗುವಾಗ ಅಲ್ಲಿರುತ್ತೀರಿ. ಸರ್ಕಾರಿ ಬಸ್ಸು ಬಿಜೈ ನಿಲ್ದಾಣದಲ್ಲಿ ನಿಲ್ಲುತ್ತದೆ.

ಹಗಲು ರೈಲಿಗೆ ಹೊಂದಿಸಿಕೊಳ್ಳೋಕೆ ಆದರೆ ದಯವಿಟ್ಟು ಅದನ್ನೇ ಆರಿಸಿಕೊಳ್ಳಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕದ ಘಾಟಿಯಲ್ಲಿ 57 ಸುರಂಗಗಳಿವೆ. ಒಂದು ಕಡೆ ಕಾಡು, ಇನ್ನೊಂದು ಕಡೆ ಆಳ, ನಡುವೆ ನಿಧಾನವಾಗಿ ಇಳಿಯುವ ರೈಲು. 2021ರಿಂದ ಈ ದಾರಿಯ ಹಗಲು ರೈಲುಗಳಿಗೆ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಯನ್ನೂ ಹಾಕಿದ್ದಾರೆ. ಅದು ಬೇಗ ತುಂಬುತ್ತದೆ. ಸಿಗದಿದ್ದರೆ ಬೇಜಾರು ಬೇಡ, ಸಾಮಾನ್ಯ ಬೋಗಿಯ ಕಿಟಕಿಯಲ್ಲಿ ಗಾಳಿಯೂ ಬರುತ್ತದೆ, ಕಾಡಿನ ವಾಸನೆಯೂ ಬರುತ್ತದೆ. ನನಗೆ ಅದೇ ಇಷ್ಟ.

ರೈಲಲ್ಲಿ ಬರುವವರು ಒಂದು ವಿಷಯ ಗಮನಿಸಿ. ಮಂಗಳೂರಿಗೆ ಎರಡು ಸ್ಟೇಷನ್. ಸೆಂಟ್ರಲ್ ಅನ್ನೋದು ಊರಿನ ನಡುವೆ, ಹಂಪನಕಟ್ಟೆಗೆ ಹತ್ತಿರ. ಜಂಕ್ಷನ್ ಅನ್ನೋದು ಊರಾಚೆ, ಪಡೀಲ್ ಹತ್ತಿರ. ಟಿಕೆಟ್‌ನಲ್ಲಿ ಯಾವುದಿದೆ ಅಂತ ನೋಡಿಕೊಳ್ಳಿ. ಜಂಕ್ಷನ್‌ನಲ್ಲಿ ಇಳಿದರೆ ಆಟೊ ಹಿಡಿಯಬೇಕು.

ಹೆಜ್ಜೆ 3: ಉಳಿಯುವ ಜಾಗ

ಹಂಪನಕಟ್ಟೆ ಅಥವಾ ಅದರ ಸುತ್ತಮುತ್ತ. ಇನ್ನೇನೂ ಯೋಚಿಸಬೇಡಿ. ಬೀಚಿನ ಹತ್ತಿರ ರೂಮು ಮಾಡಿದರೆ ಎರಡು ದಿನವೂ ಓಡಾಟದಲ್ಲೇ ಕಳೆದುಹೋಗುತ್ತದೆ. ಹಂಪನಕಟ್ಟೆಯಿಂದ ಬಂದರು, ರಥಬೀದಿ, ಅಲೋಶಿಯಸ್ ಚಾಪೆಲ್, ಬಾವುಟಗುಡ್ಡೆ, ಬಲ್ಮಠ ಎಲ್ಲಾ ನಡೆದೇ ಹೋಗುವ ದೂರ.

ಬುಕ್ ಮಾಡಿದ ಮೇಲೆ ಹಿಂದಿನ ದಿನ ಒಂದು ಫೋನ್ ಮಾಡಿ, ಬೆಳಿಗ್ಗೆ ಎಷ್ಟು ಗಂಟೆಗೆ ಒಳಗೆ ಬಿಡುತ್ತಾರೆ ಅಂತ ಕೇಳಿ. ನಮ್ಮ ಅಮ್ಮನ ಜೊತೆ ಹೋಗಿದ್ದಾಗ ಒಂದು ಲಾಡ್ಜಿನವರು ಮಧ್ಯಾಹ್ನದ ತನಕ ರೂಮು ಇಲ್ಲ ಅಂದುಬಿಟ್ಟರು. ರಾತ್ರಿಯಿಡೀ ಬಸ್ಸಲ್ಲಿ ಕೂತು ಬಂದ ವಯಸ್ಸಾದವರನ್ನು ರಿಸೆಪ್ಷನ್ ಸೋಫಾದಲ್ಲಿ ಕೂರಿಸಬೇಕಾಯಿತು. ಒಂದು ಫೋನ್ ಮಾಡಿದ್ದರೆ ಆ ಕಷ್ಟ ಇರುತ್ತಿರಲಿಲ್ಲ.

ಓಡಾಟಕ್ಕೆ ಇಷ್ಟು ತಿಳಿದಿದ್ದರೆ ಸಾಕು. ಸಿಟಿ ಬಸ್ಸುಗಳೆಲ್ಲ ಹೆಚ್ಚುಕಮ್ಮಿ ಖಾಸಗಿಯವು. ತುಂಬಾ ಬಸ್ಸುಗಳು ಕೊನೆಗೆ ಬಂದು ನಿಲ್ಲೋದು ‘ಸ್ಟೇಟ್‌ಬ್ಯಾಂಕ್’ನಲ್ಲಿ. ಅದು ಬ್ಯಾಂಕಲ್ಲ, ಬಸ್‌ಸ್ಟ್ಯಾಂಡಿಗೆ ಜನ ಇಟ್ಟ ಹೆಸರು. ದಾರಿ ತಪ್ಪಿದರೆ ‘ಸ್ಟೇಟ್‌ಬ್ಯಾಂಕ್’ ಅಂತ ಕೂಗುವ ಯಾವ ಬಸ್ಸನ್ನಾದರೂ ಹತ್ತಿ, ಬಂದರಿನ ಪಕ್ಕಕ್ಕೇ ತಂದು ಬಿಡುತ್ತದೆ. ಆಟೊದವರು ಸಾಮಾನ್ಯವಾಗಿ ಮೀಟರ್ ಹಾಕುತ್ತಾರೆ.

ಹೆಜ್ಜೆ 4: ಶನಿವಾರ, ಬೆಳಗಿನ ಜಾವ ದಕ್ಕೆ

ಬ್ಯಾಗು ಇಟ್ಟು, ಮುಖ ತೊಳೆದು, ಒಂದು ಚಹಾ ಕುಡಿದು ನೇರವಾಗಿ ದಕ್ಕೆಗೆ ಹೋಗಿ. ದಕ್ಕೆ ಅಂದರೆ ಬೋಟು ಬಂದು ನಿಲ್ಲುವ ಕಟ್ಟೆ. ಆರು ಗಂಟೆಗೆ ಅಲ್ಲಿರಬೇಕು. ಎಂಟಾದರೆ ಅರ್ಧ ಮುಗಿದಿರುತ್ತದೆ. ತೊಳೆಯಬಹುದಾದ ಚಪ್ಪಲಿ ಹಾಕಿಕೊಳ್ಳಿ, ನೆಲವೆಲ್ಲ ನೀರು, ಮಂಜುಗಡ್ಡೆ, ಮೀನಿನ ಪೊರೆ.

ಟ್ರಾಲ್ ಬೋಟು, ಪರ್ಸಿನ್ ಬೋಟುಗಳಿಂದ ಬುಟ್ಟಿ ಬುಟ್ಟಿ ಮೀನು ಇಳಿಯುತ್ತಿರುತ್ತದೆ. ಒಂದು ಕಡೆ ಏಲಂ ಕೂಗು. ಕೂಗುವವನ ಬಾಯಲ್ಲಿ ತುಳು, ಕೊಳ್ಳುವವರ ಬಾಯಲ್ಲಿ ಬ್ಯಾರಿ, ಲೆಕ್ಕ ಬರೆಯುವವರ ಕೈಯಲ್ಲಿ ಕನ್ನಡ. ಮೀನು ಮಾರುವ ಅಕ್ಕಂದಿರು ಒಂದೇ ನೋಟಕ್ಕೆ ಬುಟ್ಟಿಯ ಬೆಲೆ ಹೇಳುತ್ತಾರೆ. ಅವರ ಕೆಲಸದ ಹೊತ್ತು ಅದು. ಅಡ್ಡ ನಿಂತು ಫೋಟೊ ಹಿಡಿಯಬೇಡಿ. ಬದಿಯಲ್ಲಿ ನಿಂತು, ‘ಅಕ್ಕಾ, ಇದು ಯಾವ ಮೀನು?’ ಅಂತ ಕೇಳಿ ನೋಡಿ. ಹೆಸರೂ ಹೇಳುತ್ತಾರೆ, ಸಾರು ಮಾಡೋದು ಹೇಗೆ ಅಂತಲೂ ಹೇಳುತ್ತಾರೆ. ರಾತ್ರಿ ಊಟಕ್ಕೆ ಬೇಕಾದ ಪಾಠ ಇಲ್ಲೇ ಆಗಿಬಿಡುತ್ತದೆ. ಚಿಕ್ಕದು, ಮುಳ್ಳು ಜಾಸ್ತಿ, ರುಚಿಯೂ ಜಾಸ್ತಿ ಇರೋದು ಬೂತಾಯಿ. ಮೈಮೇಲೆ ಗೆರೆ ಇರೋದು ಬಂಗುಡೆ. ಉದ್ದಕ್ಕೆ ಕೋಲಿನ ಹಾಗಿರೋದು ಕಾಣೆ. ದೊಡ್ಡದು, ತುಂಡು ಮಾಡಿ ಮಾರುವುದು ಅಂಜಲ್. ಚಪ್ಪಟೆ, ದುಡ್ಡು ಜಾಸ್ತಿ ಅನ್ನುವುದು ಮಾಂಜಿ.

ದಕ್ಕೆಯ ಎದುರಿಗೆ ಕಾಣುವ ನೀರು ಸಮುದ್ರವಲ್ಲ, ಹೊಳೆ. ಗುರುಪುರ ಹೊಳೆ ಉತ್ತರದಿಂದ ಬರುತ್ತದೆ, ನೇತ್ರಾವತಿ ಪೂರ್ವದಿಂದ ಬರುತ್ತದೆ, ಎರಡೂ ಸೇರಿ ಅಳಿವೆಯಲ್ಲಿ ಕಡಲಿಗೆ ಬೀಳುತ್ತವೆ. ಹೊಳೆಯಾಚೆಗಿನ ಮರಳುಪಟ್ಟಿ ಬೆಂಗ್ರೆ. ಅದರ ಆಚೆ ಅರಬ್ಬಿ ಸಮುದ್ರ. ಆ ಮರಳುಪಟ್ಟಿ ಅಲೆಗೆ ಅಡ್ಡ ನಿಂತದ್ದರಿಂದಲೇ ಇಲ್ಲಿ ಹಡಗು ನಿಲ್ಲೋಕೆ ಜಾಗವಾಯಿತು, ಬಂದರಾಯಿತು, ಊರಾಯಿತು. ಪಣಂಬೂರಿನ ದೊಡ್ಡ ನವಮಂಗಳೂರು ಬಂದರು 1970ರ ದಶಕದ್ದು. ಮೊನ್ನೆ ಮೊನ್ನೆಯದು ಅಂತಲೇ ಹೇಳಬೇಕು, ಯಾಕೆಂದರೆ ಈ ಹಳೇ ಬಂದರಿನ ಲೆಕ್ಕ ಸಾವಿರ ವರ್ಷದ್ದು.

ಹೆಜ್ಜೆ 5: ಬಂದರಿನ ಬೀದಿಗಳು

ದಕ್ಕೆಯಿಂದ ಉತ್ತರಕ್ಕೆ, ಹೊಳೆಯನ್ನು ಎಡಗಡೆಗೆ ಇಟ್ಟುಕೊಂಡು ನಡೆಯಿರಿ. ಹಳೇ ಬಂದರಿನ ಕಟ್ಟೆಯಲ್ಲಿ ಮಂಜಿಗಳು ನಿಂತಿರುತ್ತವೆ. ಮಂಜಿ ಅಂದರೆ ಸರಕು ಸಾಗಿಸುವ ಮರದ ಹಡಗು. ಅಕ್ಕಿ, ತರಕಾರಿ, ಸಿಮೆಂಟು ತುಂಬಿಕೊಂಡು ಲಕ್ಷದ್ವೀಪಕ್ಕೆ ಹೋಗುತ್ತವೆ. ಲಕ್ಷದ್ವೀಪದ ಅಮೀನಿ ಗುಂಪಿನ ದ್ವೀಪಗಳು 1956ರ ತನಕ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಆ ನಂಟು ಕಡತದಲ್ಲಿ ಮುಗಿದಿದೆ, ಮಂಜಿಯಲ್ಲಿ ಮುಗಿದಿಲ್ಲ.

ಇಲ್ಲಿ ಒಂದು ಹತ್ತು ನಿಮಿಷ ನಿಂತು ಈ ಕತೆ ನೆನಪಿಸಿಕೊಳ್ಳಿ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಅನ್ನುವ ಯಹೂದಿ ವ್ಯಾಪಾರಿ ಇಲ್ಲಿದ್ದ. ಹುಟ್ಟಿದ್ದು ಈಗಿನ ಟುನೀಶಿಯಾದಲ್ಲಿ. ಯೆಮನ್‌ನ ಏಡನ್ ಬಂದರಿನ ಮೂಲಕ ಇಲ್ಲಿಗೆ ಬಂದು, ಸುಮಾರು 1132ರಿಂದ 1149ರ ತನಕ ಮಂಗಳೂರಿನಲ್ಲಿ ಸಂಸಾರ ಮಾಡಿಕೊಂಡಿದ್ದ. ಆಶು ಅನ್ನುವ ಇಲ್ಲಿನ ಹೆಂಗಸನ್ನು ದಾಸ್ಯದಿಂದ ಬಿಡಿಸಿದ, ಅವಳೇ ಅವನ ಮಕ್ಕಳ ತಾಯಿ ಅಂತ ಚರಿತ್ರೆಕಾರರು ಹೇಳುತ್ತಾರೆ. ಅವನಿಗೊಂದು ಕಂಚಿನ ಪಾತ್ರೆ ಮಾಡುವ ಕಾರ್ಖಾನೆ ಇತ್ತು. ಏಡನ್‌ನ ವ್ಯಾಪಾರಿಗಳು ಹಳೇ ಪಾತ್ರೆ, ತಾಮ್ರ ಕಳಿಸಿ ಇಲ್ಲಿ ಹೊಸ ಪಾತ್ರೆ ಮಾಡಿಸಿಕೊಳ್ಳುತ್ತಿದ್ದರು. ಇವನು ಮೆಣಸು, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ, ಅವರು ಕಾಗದ, ಸಕ್ಕರೆ, ಒಣದ್ರಾಕ್ಷಿ ಕಳಿಸುತ್ತಿದ್ದರು. ಈ ವ್ಯಾಪಾರದ ಬಗ್ಗೆ ಅವರು ಬರೆದುಕೊಂಡ ಪತ್ರಗಳು ಕೈರೋದ ಒಂದು ಹಳೇ ಸಿನಗಾಗ್‌ನಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾಮಂದಿರದಲ್ಲಿ, ಉಳಿದುಕೊಂಡಿದ್ದವು. ಅವನ ಕೆಲಸದಾಳಿನ ಹೆಸರು ಬೊಮ್ಮ ಅಂತ ಓದುತ್ತಾರೆ. ಬೊಮ್ಮ! ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಕೇಳುವ ಹೆಸರು, ಅಲ್ವಾ? ಆ ಬೊಮ್ಮ ಯಜಮಾನನ ಸರಕು ಹೇರಿಕೊಂಡು ಏಡನ್ ತನಕ ಹೋಗಿ ಬಂದಿದ್ದ. ನನಗೆ ಈ ಬಂದರಿನಲ್ಲಿ ರಾಜರಿಗಿಂತ ಅವನೇ ಜಾಸ್ತಿ ನೆನಪಾಗುತ್ತಾನೆ.

14ನೇ ಶತಮಾನದಲ್ಲಿ ಬಂದ ಮೊರಾಕೊದ ಯಾತ್ರಿಕ ಇಬ್ನ್ ಬತೂತ ಈ ಊರನ್ನು ‘ಮಂಜರೂರ್’ ಅಂತ ಬರೆದ. ಪರ್ಷಿಯಾ, ಯೆಮನ್ ಕಡೆಯ ವ್ಯಾಪಾರಿಗಳು ಇಲ್ಲಿ ಇಳಿಯುತ್ತಾರೆ, ಮೆಣಸು, ಶುಂಠಿ ಧಾರಾಳ ಅಂದ.

ಬೀದಿಗಳ ಒಳಗೆ ನುಗ್ಗಿದರೆ ಹಳೇ ಉಗ್ರಾಣಗಳು, ಸಗಟು ಅಂಗಡಿಗಳು, ಒಣಮೀನು, ಅಡಿಕೆ, ಹಗ್ಗ, ಬಲೆ. ಲಾರಿಗಳಿಗೆ ದಾರಿ ಬಿಡಿ, ಕೂಲಿಯವರಿಗೆ ಇನ್ನೂ ಬೇಗ ಬಿಡಿ. ಇದೇ ಬಂದರು ಪ್ರದೇಶದಲ್ಲಿ ಝೀನತ್ ಬಕ್ಷ್ ಮಸೀದಿ ಇದೆ. ಕ್ರಿ.ಶ. 644ರಲ್ಲಿ ಅರಬ್ ವರ್ತಕರು ಕಟ್ಟಿದ್ದು ಅಂತ ಸ್ಥಳೀಯರ ನಂಬಿಕೆ. ಒಳಗಿನ ಮರದ ಕಂಬಗಳ ಕೆತ್ತನೆ ನೋಡಿದರೆ ನಮ್ಮ ಕರಾವಳಿಯ ಗುತ್ತಿನ ಮನೆ, ದೇವಸ್ಥಾನದ ಕಂಬಗಳದೇ ಕೈಚಳಕ. ನಮಾಜಿನ ಹೊತ್ತು ಬಿಟ್ಟು ಹೋಗಿ, ಬಾಗಿಲಲ್ಲಿ ಕೇಳಿ, ಮೈತುಂಬ ಬಟ್ಟೆ ಇರಲಿ.

ಹೆಜ್ಜೆ 6: ರಥಬೀದಿಯಲ್ಲಿ ತಿಂಡಿ

ಅಷ್ಟೊತ್ತಿಗೆ ಹೊಟ್ಟೆ ಹಸಿದಿರುತ್ತದೆ. ಬಂದರಿನಿಂದ ರಥಬೀದಿಗೆ ನಡೆದುಕೊಂಡು ಬನ್ನಿ. ಕೊಂಕಣಿಯವರ ವೆಂಕಟರಮಣ ದೇವಸ್ಥಾನದ ಬೀದಿ ಇದು. ಹೂವಿನ ಅಂಗಡಿಗಳಲ್ಲಿ ಮಲ್ಲಿಗೆಯನ್ನು ಮೊಳದಲ್ಲಿ ಅಳೆಯೋದಿಲ್ಲ, ಚೆಂಡು, ಅಟ್ಟೆ ಅನ್ನುತ್ತಾರೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ.

ತಿಂಡಿಗೆ ಯಾವುದಾದರೂ ಹಳೇ ಸಸ್ಯಾಹಾರಿ ಹೋಟೆಲ್ಲಿಗೆ ಹೋಗಿ. ಬೋರ್ಡಲ್ಲಿರುವ ಮಸಾಲೆದೋಸೆ ಬೇಡ, ಅದು ನಿಮ್ಮೂರಲ್ಲೂ ಸಿಗುತ್ತದೆ. ಬನ್ಸ್ ಕೇಳಿ. ಬಾಳೆಹಣ್ಣು ಹಾಕಿ ಕಲಸಿ ಕರಿದದ್ದು, ಸ್ವಲ್ಪ ಸಿಹಿ, ಜೊತೆಗೆ ಖಾರದ ಚಟ್ನಿ. ಸಜ್ಜಿಗೆ ಬಜಿಲ್ ಇದ್ದರೆ ಅದನ್ನೂ ಕೇಳಿ. ಉಪ್ಪಿಟ್ಟಿನ ಮೇಲೆ ಖಾರದ ಅವಲಕ್ಕಿ ಹಾಕಿ ಕೊಡುತ್ತಾರೆ, ಎರಡನ್ನೂ ಕಲಸಿ ತಿನ್ನಬೇಕು. ಮೂಡೆ ಇದ್ದರೆ ಬಿಡಬೇಡಿ. ಕೇದಗೆಯ ಜಾತಿಯ ಎಲೆಯನ್ನು ಕೊಳವೆ ಥರ ಸುತ್ತಿ, ಅದರಲ್ಲಿ ಹಿಟ್ಟು ಹುಯ್ದು ಬೇಯಿಸಿದ್ದು. ಎಲೆ ಬಿಡಿಸುವಾಗ ಬರುವ ಪರಿಮಳಕ್ಕೇ ಅರ್ಧ ಹೊಟ್ಟೆ ತುಂಬುತ್ತದೆ. ಗೋಳಿಬಜೆ ಸಂಜೆಗಿರಲಿ.

ತಿಂಡಿ ಆದ ಮೇಲೆ ರೂಮಿಗೆ ಹೋಗಿ ಮಲಗಿ. ಹನ್ನೊಂದರಿಂದ ಎರಡೂವರೆ ತನಕ ಸುತ್ತುವ ಆಸೆ ಬೇಡ. ಆ ಸೆಕೆಯಲ್ಲಿ ಏನು ನೋಡಿದರೂ ಮನಸ್ಸಿಗೆ ಹತ್ತೋದಿಲ್ಲ.

ಹೆಜ್ಜೆ 7: ಗುಡ್ಡದ ಮೇಲೆ, ಬಣ್ಣ ಮತ್ತು ಅಕ್ಷರ

ಮೂರು ಗಂಟೆಗೆ ಅಲೋಶಿಯಸ್ ಕಾಲೇಜಿನ ಚಾಪೆಲ್. ಕಾಲೇಜು ಶುರುವಾದದ್ದು 1880ರಲ್ಲಿ. ಇಟಲಿಯಿಂದ ಬಂದ ಜೆಸ್ವಿತ್ ಬ್ರದರ್ ಅಂತೋನಿಯೊ ಮೊಸ್ಕೇನಿ 1899ರಿಂದ 1901ರ ನಡುವೆ ಈ ಚಾಪೆಲ್‌ನ ಗೋಡೆ, ಚಾವಣಿಗಳನ್ನೆಲ್ಲ ಚಿತ್ರದಿಂದ ತುಂಬಿಸಿದ. ಗೋಡೆಯದು ಹಸಿ ಗಾರೆಯ ಮೇಲೆ ಬಿಡಿಸಿದ್ದು, ಚಾವಣಿಯದು ಬಟ್ಟೆಯ ಮೇಲೆ ಎಣ್ಣೆಬಣ್ಣ. ಹಸಿ ಗಾರೆ ಒಣಗುವ ಮೊದಲು ಬಣ್ಣ ಹಾಕಿ ಮುಗಿಸಬೇಕು. ಇಷ್ಟು ತೇವದ ಊರಲ್ಲಿ, ಈ ಮಳೆಯಲ್ಲಿ, ಅವನು ಅದನ್ನು ಹೇಗೆ ಸಾಧಿಸಿದ ಅಂತ ನನಗೆ ಪ್ರತಿ ಸಲವೂ ಬೆರಗು. ಒಳಗೆ ಫೋಟೊ ತೆಗೆಯುವ ಹಾಗಿಲ್ಲ, ಒಳ್ಳೆಯದೇ ಆಯಿತು. ಬೆಂಚಿನ ಮೇಲೆ ಕೂತು ತಲೆ ಎತ್ತಿ ಅರ್ಧ ಗಂಟೆ ಸುಮ್ನೆ ನೋಡಿ. ಚಾವಣಿಯ ನಡುಸಾಲಿನಲ್ಲಿ ಸಂತ ಅಲೋಶಿಯಸ್ ಗೊನ್ಜಾಗನ ಬದುಕಿನ ಕತೆ ಇದೆ. ಭಾನುವಾರ ಪೂಜೆ ಇರುತ್ತದೆ, ಅದಕ್ಕೇ ಶನಿವಾರಕ್ಕೆ ಇಟ್ಟಿದ್ದೇನೆ.

ಹೊರಗೆ ಬಂದರೆ ಪಕ್ಕದಲ್ಲೇ ಬಾವುಟಗುಡ್ಡೆ. ಹಡಗುಗಳಿಗೆ ಗುರುತು ಕೊಡುತ್ತಿದ್ದ ಹಳೇ ದೀಪಸ್ತಂಭ ಅಲ್ಲಿದೆ. 1837ರಲ್ಲಿ ಕೊಡಗು, ಸುಳ್ಯ ಕಡೆಯಿಂದ ದಂಡು ಕಟ್ಟಿಕೊಂಡು ಬಂದ ರೈತರು ಕಂಪನಿ ಸರ್ಕಾರವನ್ನು ಮಂಗಳೂರಿನಿಂದ ಓಡಿಸಿ, ಇಲ್ಲಿ ಬಾವುಟ ಹಾರಿಸಿ, 13 ದಿನ ಊರನ್ನು ಹಿಡಿದಿದ್ದರು ಅಂತ ಹೇಳುತ್ತಾರೆ. ಆ ದಂಗೆಯ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆಯನ್ನು 2022ರಲ್ಲಿ ಇಲ್ಲಿ ನಿಲ್ಲಿಸಿದ್ದಾರೆ.

ಗುಡ್ಡ ಇಳಿದು ಜ್ಯೋತಿ ಸರ್ಕಲ್ ದಾಟಿದರೆ ಬಲ್ಮಠ. ನೋಡೋಕೆ ಜಾಸ್ತಿ ಏನಿಲ್ಲ, ಒಂದು ಹಳೇ ಚರ್ಚು, ಮರಗಳು, ದೇವಶಾಸ್ತ್ರ ಕಾಲೇಜಿನ ಆವರಣ. ಆದರೆ ಕನ್ನಡ ಓದುವವರು ಈ ರಸ್ತೆಯಲ್ಲಿ ನಡೆಯದೇ ವಾಪಸ್ ಹೋಗಬಾರದು. 1834ರಲ್ಲಿ ಬಾಸೆಲ್ ಮಿಶನ್ ಅನ್ನುವ ಸ್ವಿಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆಯವರು ಮಂಗಳೂರಿಗೆ ಬಂದರು. 1841ರಲ್ಲಿ ಕಲ್ಲಚ್ಚಿನ ಮುದ್ರಣ ಶುರು ಮಾಡಿದರು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದ. ಕನ್ನಡದ ಮೊದಲ ಪತ್ರಿಕೆ ಅದು. ಬೆಲೆ ಒಂದು ದುಡ್ಡು. ಜುಲೈ 1ನ್ನು ನಾವು ಪತ್ರಿಕಾ ದಿನ ಅಂತ ಆಚರಿಸುವುದು ಇದೇ ಕಾರಣಕ್ಕೆ. 1894ರಲ್ಲಿ ಕಿಟೆಲ್‌ನ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಗಿ ಹೊರಬಂದದ್ದೂ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಿಂದ. ಸುಮಾರು 70,000 ಶಬ್ದಗಳು! ಒಂದೊಂದು ಅಚ್ಚುಮೊಳೆಯನ್ನೂ ಕೈಯಲ್ಲೇ ಜೋಡಿಸಿದ ಕಾಲ. ಮೊಳೆ ಜೋಡಿಸಿದವರ ಹೆಸರು ಪುಸ್ತಕದ ಮುಖಪುಟದಲ್ಲಿ ಇರುವುದಿಲ್ಲ. ಆ ರಸ್ತೆಯಲ್ಲಿ ನಡೆಯುವಾಗ ನಾನು ಅವರನ್ನು ನೆನೆಯುತ್ತೇನೆ.

ಹೆಜ್ಜೆ 8: ಸಂಜೆ, ಹೊಳೆ ದಾಟಿ

ಐದು ಗಂಟೆಗೆ ಆಟೊ ಹಿಡಿದು ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋಗಿ. ಕರಿಕಲ್ಲಿನ ಒಂದು ಚಿಕ್ಕ ಕಾವಲು ಕೋಟೆ. 1784ರಲ್ಲಿ, ಗುರುಪುರ ಹೊಳೆಗೆ ಯುದ್ಧದ ಹಡಗು ನುಗ್ಗದಂತೆ ತಡೆಯೋಕೆ ಟಿಪ್ಪು ಕಟ್ಟಿಸಿದ್ದು. ಗೋಡೆಯಲ್ಲಿ ಕೋವಿ ಇಡುವ ಕಿಂಡಿಗಳಿವೆ, ಕೆಳಗೆ ಮದ್ದಿನ ಕೋಣೆ ಇದೆ. ಹತ್ತು ನಿಮಿಷದಲ್ಲಿ ನೋಡಿ ಮುಗಿಯುತ್ತದೆ. ಅದೇ 1784ರಲ್ಲಿ ಟಿಪ್ಪುವಿಗೂ ಈಸ್ಟ್ ಇಂಡಿಯಾ ಕಂಪನಿಗೂ ಮಂಗಳೂರು ಒಪ್ಪಂದವಾಯಿತು. ಅದೇ ವರ್ಷ ಇಲ್ಲಿನ ಕ್ಯಾಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. 1680ರಲ್ಲಿ ಸ್ಥಾಪನೆಯಾಗಿದ್ದ ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿಯನ್ನು (ಚರ್ಚನ್ನು) ಕೆಡವಿದ್ದೂ ಆಗಲೇ, ಈಗಿರುವುದು ಆಮೇಲೆ ಕಟ್ಟಿದ್ದು. ಒಂದೇ ವರ್ಷವನ್ನು ಈ ಊರಿನ ಮನೆಗಳು ಬೇರೆ ಬೇರೆ ಥರ ನೆನಪಿಟ್ಟುಕೊಂಡಿವೆ.

ಬತ್ತೇರಿಯ ಪಕ್ಕದಿಂದಲೇ ತಣ್ಣೀರುಬಾವಿಗೆ ದೋಣಿ. ಟಿಕೆಟ್ ಬಹಳ ಕಮ್ಮಿ, ಚಿಲ್ಲರೆ ಇಟ್ಟುಕೊಳ್ಳಿ. ಕೆಲವೇ ನಿಮಿಷದ ದಾರಿ, ಆದರೆ ಹೊಳೆಯ ಮಧ್ಯದಿಂದ ಊರನ್ನು ನೋಡುವ ಅವಕಾಶ ಬೇರೆಲ್ಲೂ ಸಿಗೋದಿಲ್ಲ. ಹತ್ತುವ ಮೊದಲು ಎರಡು ವಿಷಯ ಕೇಳಿಕೊಳ್ಳಿ: ಕೊನೆಯ ದೋಣಿ ವಾಪಸ್ ಎಷ್ಟು ಗಂಟೆಗೆ, ಗಾಳಿ ಜಾಸ್ತಿಯಾದರೆ ನಿಲ್ಲಿಸುತ್ತೀರಾ. ದೋಣಿ ತಪ್ಪಿದರೆ ಪಣಂಬೂರು ಸುತ್ತಿ ರಸ್ತೆಯಲ್ಲೇ ಬರಬೇಕು.

ದೋಣಿ ಇಳಿದು ಗಾಳಿಮರಗಳ ನಡುವೆ ನಡೆದರೆ ತಣ್ಣೀರುಬಾವಿ ಬೀಚ್. ಸೂರ್ಯ ಮುಳುಗುವ ತನಕ ಕೂತುಕೊಳ್ಳಿ. ನೀರಿಗೆ ಮೊಣಕಾಲಿನ ತನಕ ಸಾಕು. ಇಲ್ಲಿಯ ಸೆಳೆತ ಹೊರಗಿನವರಿಗೆ ಗೊತ್ತಾಗೋದಿಲ್ಲ. ಜೀವರಕ್ಷಕರು ಬೇಡ ಅಂದ ಕಡೆ ಇಳಿಯಬೇಡಿ, ಮಕ್ಕಳ ಕೈ ಬಿಡಬೇಡಿ.

ಹೆಜ್ಜೆ 9: ಮೀನೂಟ ಹೇಗೆ ಹೇಳಬೇಕು

ಕೂತ ಕೂಡಲೇ ಕೇಳುವ ಪ್ರಶ್ನೆ, ‘ಕುಚ್ಚಲಕ್ಕಿಯಾ, ಬೆಳ್ತಿಗೆಯಾ?’ ಕುಚ್ಚಲಕ್ಕಿ ಅಂದರೆ ಕೆಂಪಗೆ, ದಪ್ಪಗೆ ಇರುವ ಇಲ್ಲಿನ ಅನ್ನ. ಬೆಳ್ತಿಗೆ ಅಂದರೆ ನಮ್ಮ ಬಿಳಿ ಅನ್ನ. ಮೀನುಸಾರಿಗೆ ಕುಚ್ಚಲಕ್ಕಿಯೇ ಸರಿ. ಮೊದಲ ತುತ್ತು ಒರಟು ಅನ್ನಿಸಬಹುದು, ಮೂರನೇ ತುತ್ತಿಗೆ ಒಗ್ಗುತ್ತದೆ.

ಫ್ರೈ ಹೇಳುವಾಗ ‘ತವಾ ಫ್ರೈ’ ಅನ್ನಿ, ‘ರವಾ ಫ್ರೈ’ ಬೇಡ ಅಂತ ನನ್ನ ಅಭಿಪ್ರಾಯ. ರವೆ ಹಾಕಿದರೆ ಗರಿಗರಿ ಆಗುತ್ತದೆ ನಿಜ, ಮಸಾಲೆಯ ಹುಳಿ-ಖಾರ ಮರೆಯಾಗುತ್ತದೆ. ಮೀನಿನ ಬೆಲೆ ದಿನಕ್ಕೊಂದು ಥರ, ಗಾತ್ರಕ್ಕೊಂದು ಥರ. ಕಾಣೆ, ಮಾಂಜಿ ಹೇಳುವ ಮೊದಲು ಬೆಲೆ ಕೇಳಿ, ಯಾರೂ ತಪ್ಪು ತಿಳಿಯೋದಿಲ್ಲ. ದುಡ್ಡು ಕಮ್ಮಿ ಇದ್ದರೆ ಬೂತಾಯಿ ಪುಳಿಮುಂಚಿ ಹೇಳಿ. ಹುಣಸೆ, ಮೆಣಸಿನ ಗಟ್ಟಿ ಮಸಾಲೆ. ಇಲ್ಲಿನ ಮನೆಗಳಲ್ಲಿ ದಿನವೂ ತಿನ್ನುವುದು ಇಂಥದ್ದನ್ನೇ, ಅಂಜಲ್ ಅಲ್ಲ. ಮರುವಾಯಿ ಸುಕ್ಕ, ಅಂದರೆ ಚಿಪ್ಪುಮೀನಿನ ಒಣ ಪಲ್ಯ, ಸಿಕ್ಕರೆ ಅದೃಷ್ಟ. ಕೋಳಿ ತಿನ್ನುವವರಿಗೆ ಕೋರಿ ರೊಟ್ಟಿ: ಹಪ್ಪಳದ ಹಾಗಿರುವ ಅಕ್ಕಿ ರೊಟ್ಟಿಯನ್ನು ಮುರಿದು, ಮೇಲೆ ಸಾರು ಹುಯ್ದು, ಅರ್ಧ ಮೆತ್ತಗೆ ಅರ್ಧ ಗರಿಗರಿ ಇರುವಾಗಲೇ ತಿನ್ನಬೇಕು. ಸಸ್ಯಾಹಾರಿಗಳು ನೀರುದೋಸೆ, ಕೊದ್ದೆಲ್ (ತೆಂಗಿನಕಾಯಿ ಅರೆದು ಮಾಡುವ ಹುಳಿ), ಗುಜ್ಜೆ (ಎಳೆ ಹಲಸಿನ) ಪಲ್ಯ ಕೇಳಲಿ.

ಆಮೇಲೆ ಗಡ್‌ಬಡ್, ಪದರ ಪದರವಾಗಿ ಐಸ್‌ಕ್ರೀಂ, ಹಣ್ಣು ತುಂಬಿಸಿ ಕೊಡುವುದು. 1975ರಲ್ಲಿ ಮಂಗಳೂರಿನಲ್ಲಿ ಶುರುವಾದ ಐಡಿಯಲ್ ಐಸ್‌ಕ್ರೀಂನವರ ಪಬ್ಬಾಸ್‌ನಲ್ಲಿ ಸಂಜೆ ಹೊತ್ತು ಜಾಗ ಸಿಗೋದು ಕಷ್ಟ, ರಾತ್ರಿ ಊಟವಾದ ಮೇಲೂ ಸ್ವಲ್ಪ ಕಾಯಬೇಕಾಗಬಹುದು. ಉದ್ದ ಲೋಟದ ತಳದ ತನಕ ಚಮಚ ಇಳಿಸಿ ತಿನ್ನಿ, ಮೇಲಿನದೊಂದೇ ತಿಂದರೆ ರುಚಿ ಗೊತ್ತಾಗೋದಿಲ್ಲ.

ನಿದ್ದೆ ಬರದವರಿಗೆ ಇನ್ನೊಂದು. ನವೆಂಬರ್ ಕೊನೆಯಿಂದ ಮೇ ತನಕ ಕಟೀಲು ಮೇಳದ ಹರಕೆಯಾಟಗಳು, ಅಂದರೆ ಭಕ್ತರು ಹರಕೆ ಹೊತ್ತು ಆಡಿಸುವ ಯಕ್ಷಗಾನಗಳು, ಸುತ್ತಮುತ್ತ ನಡೆಯುತ್ತಲೇ ಇರುತ್ತವೆ. ಟಿಕೆಟ್ ಇಲ್ಲ, ಯಾರು ಬೇಕಾದರೂ ಹೋಗಿ ಕೂರಬಹುದು. ಇವತ್ತು ಎಲ್ಲಿ ಆಟ ಅಂತ ಹೋಟೆಲ್‌ನವರನ್ನೋ ಆಟೊದವರನ್ನೋ ಕೇಳಿ.

ಹೆಜ್ಜೆ 10: ಭಾನುವಾರ ಬೆಳಿಗ್ಗೆ ಕದ್ರಿ

ಏಳು ಗಂಟೆಗೆ ಕದ್ರಿ ಮಂಜುನಾಥ ದೇವಸ್ಥಾನ. ಮೊದಲು ಹಿಂದಿನ ಕೆರೆಗಳ ಹತ್ತಿರ ಹೋಗಿ. ಗುಡ್ಡದಿಂದ ಇಳಿಯುವ ನೀರು ಗೋಮುಖದಲ್ಲಿ ಬಿದ್ದು ಕೆರೆಗಳಿಗೆ ಹರಿಯುತ್ತದೆ. ಮೆಟ್ಟಿಲು ಹತ್ತಿದರೆ ಜೋಗಿಮಠ, ನಾಥಪಂಥದವರದ್ದು.

ದೇವಸ್ಥಾನದ ಒಳಗೆ ಲೋಕೇಶ್ವರನ ಕಂಚಿನ ಮೂರ್ತಿಯನ್ನು ನೋಡದೇ ಬರಬೇಡಿ. ಮೂರು ಮುಖ, ಆರು ಕೈ, ಕೂತ ಭಂಗಿ. ಪೀಠದ ಶಾಸನದ ಪ್ರಕಾರ ಅಳುಪರ ಅರಸ ಕುಂದವರ್ಮ ಇದನ್ನು ಕದಿರಿಕಾ ವಿಹಾರದಲ್ಲಿ ಸ್ಥಾಪಿಸಿದ, ಕ್ರಿ.ಶ. 968ರಲ್ಲಿ. ವಿಹಾರ ಅನ್ನುವ ಮಾತು ಬೌದ್ಧರ ಕಾಲವನ್ನು ನೆನಪಿಸುತ್ತದೆ, ಮಂಜುನಾಥ ಶಿವನದು, ಮೇಲೆ ನಾಥರು. ಒಂದೇ ಗುಡ್ಡದಲ್ಲಿ ಇಷ್ಟೂ. ಆ ಕಂಚಿನ ನಯ ನೋಡಿದರೆ, ಇದಾದ ಒಂದೂವರೆ ಶತಮಾನದ ಮೇಲೆ ಏಡನ್‌ನವರು ಪಾತ್ರೆ ಮಾಡಿಸೋಕೆ ಈ ಊರಿಗೇ ಯಾಕೆ ತಾಮ್ರ ಕಳಿಸುತ್ತಿದ್ದರು ಅನ್ನೋದು ಆಶ್ಚರ್ಯ ಅನ್ನಿಸೋದಿಲ್ಲ.

ಹೆಜ್ಜೆ 11: ತಲೆ ಎತ್ತಿ ಹೆಂಚು ನೋಡಿ, ಆಮೇಲೆ ಉಳ್ಳಾಲ

ಕದ್ರಿಯಿಂದ ಜೆಪ್ಪು, ಬೋಳಾರದ ಕಡೆ ಆಟೊದಲ್ಲಿ ಹೋಗಿ. ಬೋಳಾರದಲ್ಲಿ ಮಂಗಳಾದೇವಿ ದೇವಸ್ಥಾನ, ಊರಿನ ಹೆಸರು ಬಂದದ್ದು ಇವಳಿಂದ ಅನ್ನುತ್ತಾರೆ. ಜೆಪ್ಪು ಕಡೆ, ನೇತ್ರಾವತಿಯ ದಂಡೆಯಲ್ಲಿ 1865ರಲ್ಲಿ ಬಾಸೆಲ್ ಮಿಶನ್‌ನ ಜಾರ್ಜ್ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ಶುರು ಮಾಡಿದ. ಹೊಳೆಯ ಜೇಡಿಮಣ್ಣು, ಘಟ್ಟದ ಸೌದೆ, ಸಾಗಿಸೋಕೆ ಬಂದರು, ಮೂರೂ ಕೈಗೆಟಕುವ ಹಾಗಿದ್ದವು. ಒಂದರೊಳಗೊಂದು ಕೂರುವ ಆ ಮಂಗಳೂರು ಹೆಂಚು ಹಡಗು ಹತ್ತಿ ಸಮುದ್ರದಾಚೆಗೂ ಹೋಯಿತು. ಈಗ ಕಾರ್ಖಾನೆಗಳು ಹೆಚ್ಚಿನವು ಮುಚ್ಚಿವೆ. ಹಳೇ ಮನೆ ಕೆಡವಿದ ಕಡೆ ರಾಶಿ ಹಾಕಿದ ಹೆಂಚು ಕಂಡರೆ ಒಂದನ್ನು ತಿರುಗಿಸಿ ನೋಡಿ, ‘1865’ ಅನ್ನುವ ಮುದ್ರೆ ಸಿಗಬಹುದು. ನಮ್ಮ ಅಜ್ಜನ ಮನೆಯ ಅಟ್ಟದಲ್ಲಿ, ಕಡಲಿಂದ ಅಷ್ಟು ದೂರದ ಊರಲ್ಲಿ, ಅದೇ ಮುದ್ರೆ ಕಂಡ ದಿನ ನನಗೆ ಮೈ ಜುಂ ಅಂದಿತ್ತು.

ಊಟ ಮಾಡಿ, ಮಲಗಿ ಎದ್ದು, ನಾಲ್ಕರ ಮೇಲೆ ನೇತ್ರಾವತಿ ಸೇತುವೆ ದಾಟಿ ಉಳ್ಳಾಲಕ್ಕೆ ಹೋಗಿ. ಪೋರ್ಚುಗೀಸರಿಗೆ ಕಪ್ಪ ಕೊಡೋದಿಲ್ಲ ಅಂತ 16ನೇ ಶತಮಾನದಲ್ಲಿ ಎದ್ದು ನಿಂತ ರಾಣಿ ಅಬ್ಬಕ್ಕನ ಊರು. ಅಲ್ಲಿ ಅವಳ ಪ್ರತಿಮೆ ಇದೆ, ಸಯ್ಯದ್ ಮದನಿ ದರ್ಗಾ ಇದೆ, ಸ್ವಲ್ಪ ಮುಂದೆ ಬಂಡೆಯ ಮೇಲೆ ಸೋಮೇಶ್ವರ ದೇವಸ್ಥಾನ, ಕೆಳಗೆ ಅಬ್ಬರದ ಕಡಲು. ಅಲ್ಲಿ ನೀರಿಗೆ ಇಳಿಯಲೇಬೇಡಿ. ಬಂಡೆ ಜಾರುತ್ತದೆ.

ಭಾನುವಾರಕ್ಕೆ ಉಡುಪಿಯನ್ನೂ ಸೇರಿಸಿಕೊಳ್ಳೋಣ ಅಂತ ಮನಸ್ಸಾಗುತ್ತದೆ. ಬೇಡ. ಉಡುಪಿಗೆ ಅದರದ್ದೇ ಎರಡು ದಿನ ಇಡಿ.

ಹೊರಡುವ ಮೊದಲು

ರಾತ್ರಿ ಬಸ್ಸು ಹತ್ತುವ ಮೊದಲು ಒಂದು ಗಂಟೆ ಉಳಿಸಿಕೊಳ್ಳಿ. ಗೋಡಂಬಿ, ಕೋರಿ ರೊಟ್ಟಿ ಪ್ಯಾಕೆಟ್, ಬಾಳೆಕಾಯಿ ಚಿಪ್ಸ್, ಹಲಸಿನ ಹಪ್ಪಳ ಹಂಪನಕಟ್ಟೆಯ ಅಂಗಡಿಗಳಲ್ಲೇ ಸಿಗುತ್ತವೆ. ಕೋರಿ ರೊಟ್ಟಿಯನ್ನು ಬ್ಯಾಗಿನ ಮೇಲ್ಗಡೆ ಇಡಿ, ಇಲ್ಲದಿದ್ದರೆ ಮನೆ ತಲುಪುವಾಗ ಪುಡಿ. ಕುಚ್ಚಲಕ್ಕಿ ಹಿಡಿಸಿದ್ದರೆ ಎರಡು ಕೆಜಿ ತಗೊಳ್ಳಿ. ಮನೆಯಲ್ಲಿ ಬೇಯೋಕೆ ಜಾಸ್ತಿ ಹೊತ್ತು ಬೇಕು, ನೀರೂ ಜಾಸ್ತಿ ಇಡಬೇಕು, ಬೆಂದ ಮೇಲೆ ಗಂಜಿ ಬಸಿಯಬೇಕು. ಆ ಗಂಜಿ ಚೆಲ್ಲಬೇಡಿ. ಉಪ್ಪು ಹಾಕಿ, ಒಂದು ಚೂರು ಮಾವಿನ ಉಪ್ಪಿನಕಾಯಿ ಜೊತೆ ಬಿಸಿಯಾಗಿರುವಾಗಲೇ ಕುಡಿಯಿರಿ.